ಯಾವ ಕಡೆ ಕೂತರೆ ಕೇಳುತ್ತದೆ

ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ ನಾನು ಲೆಕ್ಕ ಬರೆಯುವವನು,
ಪುರ್ಸೊ ತಾಂಡೇಲ ಗಡ್ಡೆ ಇಳಿಸುವವನು.
ಬೆಳಗಿನ ನಾಲ್ಕಕ್ಕೆ ಬೋಟಿನವರು ಕೂಗುವಾಗ
ಬಗ್ಗಿ, ಗಡ್ಡೆಯ ಸೊಂಟಕ್ಕೆ ಕೈ ಕೊಟ್ಟು,
ಒಂದು ಉಸಿರು ಹಿಡಿದು, ತಿರುವಿ,
ಕ್ರಷರಿನ ಬಾಯಿಗೆ ಚಿತ್ ಮಾಡುತ್ತಾನೆ.
ಕೊಕ್ಕೆ ಮುಟ್ಟುವುದಿಲ್ಲ. ಕೊಕ್ಕೆ ಹುಡುಗರಿಗೆ.

ಹದಿನಾರು ವರ್ಷ ಕುಸ್ತಿ ಹಿಡಿದವನು.
ಕೋಡಿಬಾಗದಲ್ಲಿ ಅವನಿಗೆ ಗರಡಿ ಎಲ್ಲಿತ್ತು,
ಕಾಳಿ ಕಡಲು ಸೇರುವಲ್ಲಿ, ಇಳಿತದ ಹೊತ್ತು,
ಹಸಿ ಮರಳಲ್ಲಿ ಕಲಿತ.
ಮರಳಲ್ಲಿ ಕಾಲೂರಿದವನನ್ನು ಕೆಮ್ಮಣ್ಣು ಕೆಡವದು ಎಂದು
ಘಟ್ಟದ ಮೇಲಿನವರೂ ಒಪ್ಪಿದರಂತೆ. ಖಾನಾಪುರ, ಬೆಳಗಾವಿ, ಸಾಂಗಲಿ.
ಪೇಪರಿನಲ್ಲಿ ಒಮ್ಮೆ ಫೋಟೋ ಬಂತು,
ಕೆಳಗೆ ಬೇರೆ ಯಾರದೋ ಹೆಸರು.

ಒಪ್ಪದವನು ಒಬ್ಬ,
ಹಳಿಯಾಳದ ಬಸ್ತ್ಯಾಂವ್ ಸಿದ್ದಿ.
ಹತ್ತು ಸಲ ಎದುರಾದರು. ಐದು ಇವನದು, ಐದು ಅವನದು.
ಹನ್ನೊಂದನೆಯದು ಕರೆಂಟು ಹೋಗಿ ನಿಂತಿತು.
ಕತ್ತಲಲ್ಲಿ ಹಲಗೆಯವ ಇನ್ನೂ ಬಡಿಯುತ್ತಿದ್ದ,
ಹಿಡಿದ ಪಟ್ಟು ಇಬ್ಬರೂ ಬಿಟ್ಟಿರಲಿಲ್ಲ,
ಪಂಚರು ಬ್ಯಾಟರಿ ಹಿಡಿದು ಬಂದು ಬಿಡಿಸಿದರು.
ಆ ವರ್ಷವೇ ಒಬ್ಬನ ಮೊಣಕಾಲು ಹೋಯಿತು.
ಇನ್ನೊಬ್ಬನ ಅಪ್ಪ ಬೋಟಿನಿಂದ ವಾಪಸು ಬರಲಿಲ್ಲ.

ಬೆಳ್ಳಿ ಗದೆ ಒಂದಿತ್ತು, ಹತ್ತನೆಯದರಲ್ಲಿ ಗೆದ್ದದ್ದು.
ಮಗಳ ಬಾಣಂತನಕ್ಕೆಂದು ಶೇಟರ ಅಂಗಡಿಗೆ ಒಯ್ದ.
ಶೇಟರು ಉಗುರಿನಿಂದ ಕೆರೆದರು. ಮೇಲೆ ತಗಡು, ಒಳಗೆ ಹಲಸಿನ ಮರ.
"ಮರಕ್ಕಾದರೂ ಏನಾದರೂ ಕೊಡಿ" ಅಂದನಂತೆ,
ಇಬ್ಬರೂ ನಕ್ಕರಂತೆ.
ಈಗದು ಮನೆ ಹಿಂದೆ, ಒಣಮೀನಿನ ಚಾಪೆ ಗಾಳಿಗೆ ಏಳದಂತೆ
ಒಂದು ಮೂಲೆಯಲ್ಲಿ ಕೂತಿದೆ.
ಅದರ ಮೇಲೆ ಕಾಗೆ.

ಯಾರು ಕೇಳಿದರೂ ಐದು-ಐದು ಅನ್ನುತ್ತಾನೆ.
ಒಮ್ಮೆ ಮಾತ್ರ, ಜೂನಿನಲ್ಲಿ, ಬೋಟುಗಳೆಲ್ಲ ದಡದಲ್ಲಿರುವಾಗ,
ನನ್ನ ಪುಸ್ತಕ ನೋಡುತ್ತ ಅಂದ:
"ನಾಲ್ಕು-ಆರು ಅಂತ ಬರ್ಕೊ.
ಹತ್ತನೇದ್ರಲ್ಲಿ ನನ್ನ ಬಲ ಭುಜ ಮೊದಲೇ ಕಳಚಿತ್ತು.
ಅವನಿಗೆ ಗೊತ್ತಾಯ್ತು. ಕೈಗೆ ಕೈ ಕೊಟ್ಟ ಕೂಡಲೇ ಗೊತ್ತಾಗ್ತದೆ.
ಆ ಕೈಯನ್ನು ಅವ ಹಿಡಿಯಲೇ ಇಲ್ಲ.
ಇಪ್ಪತ್ತು ನಿಮಿಷ ಒಂದೇ ಕಡೆಯಿಂದ ಆಡಿದ.
ಅವ ಬಿಟ್ಟ ಕಡೆಯಿಂದಲೇ ನುಗ್ಗಿ ಕೆಡವಿದೆ ನಾನು."
ನಾನು ಬರೆಯಲಿಲ್ಲ.
ಐಸಿನ ಲೆಕ್ಕದಲ್ಲಿ ಅದಕ್ಕೆ ಕಾಲಂ ಇಲ್ಲ.

ಕಳೆದ ಸೆಪ್ಟೆಂಬರ್. ಬಂದರು ತುಂಬ ಬಾಂಗಡೆ.
ದಾಂಡೇಲಿ ಬಸ್ಸಿಳಿದು ಒಬ್ಬ ಮುದುಕ ಕೋಲೂರಿ ಬಂದ,
ಇನ್ನೊಂದು ಕೈಯಲ್ಲಿ ಮುಚ್ಚಳದ ಖಾಲಿ ಬಕೆಟು.
ಪುರ್ಸೊ ಎತ್ತಿದ ಗಡ್ಡೆಯನ್ನು ಅಲ್ಲೇ ನೆಲಕ್ಕಿಟ್ಟ.
ಮಾತಿಲ್ಲ.
ತುಸು ಬಗ್ಗಿ, ಕೈ ಮುಂದೆ ಚಾಚಿ,
ಒಬ್ಬರನ್ನೊಬ್ಬರು ಸುತ್ತತೊಡಗಿದರು,
ಎಡಕ್ಕೊಂದು ಹೆಜ್ಜೆ, ಮತ್ತೆ ಬಲಕ್ಕೆ,
ಒದ್ದೆ ನೆಲದ ಮೇಲೆ ಕೋಲು ಟಕ್ ಟಕ್.
ಹುಡುಗರು ಕೊಕ್ಕೆ ಬಿಟ್ಟು ಗೋಡೆಗೆ ಸರಿದರು.
ನಾನು ಪೆನ್ನು ಮುಚ್ಚಿದೆ:
ಹನ್ನೊಂದನೆಯದು ಇವತ್ತು ಮುಗಿಯುತ್ತದೆ.

ಆಮೇಲೆ ತಿಳಿಯಿತು.
ಅವನ ಎಡಗಿವಿ ಇವನ ತಲೆಗೆ ಉಜ್ಜಿ ಉಜ್ಜಿ
ಒಣಗಿದ ಅಣಬೆಯಂತೆ ಮುದುಡಿ ಮುಚ್ಚಿಹೋಗಿದೆ.
ಇವನ ಬಲಗಿವಿ ಅವನ ಹೆಗಲಿಗೆ ಹಾಗೇ ಹೋದದ್ದು.
ಉಳಿದೆರಡು ಕಿವಿ ಹತ್ತಿರ ಬರುವಂತೆ
ಯಾರು ಯಾವ ಕಡೆ ಕೂರಬೇಕು
ಎಂದು ಹುಡುಕುತ್ತಿದ್ದರು, ಅಷ್ಟೇ.

ಖಾಲಿ ಕ್ರೇಟು ಮಗುಚಿ ಕೂತರು, ಕಡಲಿಗೆ ಮುಖ ಮಾಡಿ,
ಎಡಕ್ಕೆ ಹಳಿಯಾಳ, ಬಲಕ್ಕೆ ಕಾರವಾರ.
ಕೆಪ್ಪರ ಮಾತು ದೊಡ್ಡದು, ನನಗೂ ಕೇಳಿತು:
"ಭುಜ ಹೇಗುಂಟು?"
"ಮಳೆ ಬರೋ ಮೊದಲು ಹೇಳ್ತದೆ."
"ಬಾಂಗಡೆ ಎಷ್ಟಕ್ಕೆ ಕೊಡ್ತಾರೆ?"

ಸಂಜೆ ಧಣಿ ಪುಸ್ತಕದ ಮೇಲೆ ಬೆರಳಿಟ್ಟು ಕೇಳಿದರು, ಇದೇನು?
ಬರೆದದ್ದನ್ನೇ ಓದಿ ಹೇಳಿದೆ:
ಗಡ್ಡೆ ಒಂದು. ನೆಲದ ಮೇಲೆ ಕರಗಿದ್ದು.