ನಿದ್ದೆಗೆ ಒಪ್ಪಿದ ಹಕ್ಕಿ

ಹಗಲೆಲ್ಲ ನನ್ನ ಗಂಟಲು ಸರ್ಕಾರದ್ದು.
‘ಅರಕಲಗೂಡು, ಕೊಣನೂರು ಕಡೆಗೆ ಹೋಗುವವರು
ಪ್ಲಾಟ್‌ಫಾರಂ ಆರಕ್ಕೆ ಬನ್ನಿ.’
ಎಂಟು ಗಂಟೆ ಮೈಕಿಗೆ ಇದನ್ನೇ ಹೇಳಿ
ಮನೆಗೆ ಬಂದರೆ ಬೀಗದ ಸದ್ದೂ ಬೇಡ.
ಆದರೂ
ಒಂದು ಜೀವ ಇರಲಿ ಅನಿಸಿತು,
ಕೇಳಿಸದಿದ್ದರೂ ಇದೆ ಅಂತ ಗೊತ್ತಾಗುವಂಥದು.

ಹಾಸನದಲ್ಲಿ, ಸಾಲಗಾಮೆ ರಸ್ತೆಯ ನಮ್ಮ ಕಟ್ಟಡದಲ್ಲಿ
ಗೋಡೆ ಅಂದರೆ ಹಪ್ಪಳ.
ಮೇಲಿನವರ ಒಗ್ಗರಣೆ ನನ್ನ ನೆತ್ತಿಯ ಮೇಲೆ ಸಿಡಿಯುತ್ತದೆ,
ನಾನು ಚಪ್ಪಲಿ ಬಿಟ್ಟರೆ ಕೆಳಗೆ
ಲವೀನಾ ಸಿಸ್ಟರ್‌ಗೆ ಎಚ್ಚರ.
ದೊಡ್ಡಾಸ್ಪತ್ರೆಯ ಮಕ್ಕಳ ವಾರ್ಡು, ರಾತ್ರಿ ಪಾಳಿ;
ಬೆಳಿಗ್ಗೆ ಒಂಬತ್ತಕ್ಕೆ ಅವರಿಗೆ ಇರುಳು.

ಅಸೋಸಿಯೇಷನ್ನಿನ ಪುಟ್ಟಸ್ವಾಮಯ್ಯ
ನಿಯಮದ ಹಾಳೆಯ ಮೇಲೆ ಬೆರಳಾಡಿಸಿದರು:
ನಾಯಿ ಕೂಡದು, ಕೋಳಿ ಕೂಡದು.
ಹಕ್ಕಿಯ ಮಾತೇ ಇರಲಿಲ್ಲ.
‘ಬರ್ದಿಲ್ಲ ಅಂದ್ರೆ ಕೆಳಗಿನವರ ಒಪ್ಗೆ ಬೇಕು’
ಎಂದು ನಿಂತಲ್ಲೇ ಒಂದು ನಿಯಮ ಹೆತ್ತರು.

ಕೇಳಿದೆ. ಲವೀನಾ ಬಾಗಿಲಲ್ಲೇ ಯೋಚಿಸಿದರು.
‘ಅಂಗಡಿಗೆ ನಾನೂ ಬರ್ತೇನೆ.
ಕಿವಿ ನನ್ನದಲ್ವಾ ಹೋಗೋದು.’

ಸಂತೆಪೇಟೆಯಲ್ಲಿ ಅನ್ಸಾರಣ್ಣನ ಅಂಗಡಿ:
ಒಂದು ಕಡೆ ಮೀನು, ಒಂದು ಕಡೆ ನವಣೆ ಮೂಟೆ,
ನಡುವೆ ರೆಕ್ಕೆಗಳ ಗದ್ದಲ.
ಹಸಿರು ಗಿಳಿ ಐತಾ ಎಂದೊಬ್ಬ ಹುಡುಗ.
‘ಅದು ಕಾಡಿಂದು, ಮಾರಿದ್ರೆ ಜೈಲು. ನಡೀ.’
ಆಮೇಲೆ ನಮ್ಮ ಕಡೆ ತಿರುಗಿ,
‘ಸದ್ದು ಮಾಡದ ಹಕ್ಕಿನಾ ಮೇಡಂ?
ಗೊಂಬೆ ಅಂಗಡಿ ಪಕ್ಕದ್ದು.’

ಲವೀನಾ ನಗಲಿಲ್ಲ.
ಪಾಳಿ ಮುಗಿಸಿ ನೇರ ಬಂದಿದ್ದವರು
ನವಣೆ ಮೂಟೆಯ ಮೇಲೆ ಕೂತು ಕಣ್ಣು ಮುಚ್ಚಿದರು.
‘ಒಂದೊಂದೇ ತನ್ನಿ.’

ಲವ್‌ಬರ್ಡು ಎಣ್ಣೆ ಕಾಣದ ಗೇಟಿನ ಹಾಗೆ ಕಿರುಚಿತು.
ಅವರು ತಲೆ ಅಲ್ಲಾಡಿಸಿದರು.
ಜುಟ್ಟಿನ ಕಾಕಟೀಲು ಸಿಳ್ಳೆ ಹೊಡೆಯಿತು;
‘ಕಂಡಕ್ಟರು’ ಎಂದರು, ನನಗೇ ಬೇಡವಾಯಿತು.
ಬಡ್ಜಿ ಜೋಡಿಯದು ಬರೀ ಪಿಸುಮಾತು,
ನಿಲ್ಲಿಸುವುದು ಮಾತ್ರ ಗೊತ್ತಿಲ್ಲ.
‘ಪುಟ್ಟಸ್ವಾಮಯ್ಯ.’
ಚುಕ್ಕೆ ರೆಕ್ಕೆಯ ಪುಟ್ಟ ಪಾರಿವಾಳ
ಎದೆಯೊಳಗೇ ಗೂಂ ಎಂದಿತು, ಎಷ್ಟು ಮೆಲ್ಲಗೆ!
ಇದೇ ಇರಲಿ ಅನ್ನಲು ನಾನು ಬಾಯಿ ತೆರೆದೆ.
ಅವರು ಕಣ್ಣು ತೆರೆದರು.
‘ಇದು ಬೇಡ.
ಈ ದನಿ ನಮ್ಮ ವಾರ್ಡಿನ ಹೊರಗೆ
ಬೆಂಚಿನ ಮೇಲೆ ಕೂತಿರ್ತದೆ.’

ಅನ್ಸಾರಣ್ಣ ಏನೂ ಅನ್ನದೆ ಪಂಜರ ಒಳಗಿಟ್ಟ.
ಮೂಲೆಯಿಂದ, ತೋರಿಸಲು ಮನಸ್ಸಿಲ್ಲದವನಂತೆ, ಇನ್ನೊಂದು ತಂದ:
ಗುಬ್ಬಿಗಿಂತ ಚಿಕ್ಕವು, ಚೆಲುವೆಯರಲ್ಲ,
ಚಹಾ ಚೆಲ್ಲಿದ ಬಟ್ಟೆಯ ಬಣ್ಣದ ಎರಡು ಫಿಂಚು.
ಮೊರದಲ್ಲಿ ರಾಗಿ ಸರಿದಷ್ಟು ಸದ್ದು.
ತಲೆ ಅಲ್ಲಾಡಲಿಲ್ಲ.
ಕಾದೆವು.
ತಲೆ ನಿಧಾನಕ್ಕೆ ವಾಲಿ
ಮೀನಿನ ತೊಟ್ಟಿಯ ಗಾಜಿಗೆ ಒರಗಿತು,
ಬಾಯಿ ತುಸುವೇ ತೆರೆದು.

ಅನ್ಸಾರಣ್ಣ ರಸೀದಿ ಹರಿದ,
ಕಾಗದಕ್ಕೂ ಗೊತ್ತಾಗದ ಹಾಗೆ.
ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವಂತೆ ಕೂಗುವವಳು ನಾನು
ಬೆರಳು ಎತ್ತಿ ಚೌಕಾಸಿ ಮಾಡಿದೆ, ಎಂಟು, ಏಳೂವರೆ.
ಬಂದ ಗಿರಾಕಿಗಳು ಕೈಸನ್ನೆಯಲ್ಲಿ ಕಾಳು ಕೇಳಿದರು,
ಅವನು ಬೇರೆ ಮೂಟೆ ಬಿಚ್ಚಿದ.
ಮುಕ್ಕಾಲು ಗಂಟೆ ಯಾರೂ ಎಬ್ಬಿಸಲಿಲ್ಲ.

ಈಗ ಪಂಜರ ಅಡುಗೆಮನೆ ಕಿಟಕಿಯ ಹತ್ತಿರ.
ಅವು ಕೈಗೆ ಬರುವುದಿಲ್ಲ. ಹೆಸರಿಟ್ಟಿಲ್ಲ.
ಮಿಕ್ಸಿ ನಿಂತು, ಫ್ಯಾನೂ ನಿಂತರೆ ಮಾತ್ರ
ಗಂಡಿನ ಹಾಡು ಕೇಳುತ್ತದೆ,
ಅದಕ್ಕೇ ನಿಲ್ಲಿಸುತ್ತೇನೆ.

ಸಂಜೆ ಏಳೂವರೆಗೆ ಕೆಳಗೆ ಚಿಲಕದ ಸದ್ದು.
ಗಂಡು ಕತ್ತು ಕೊಂಕಿಸಿ ಒಮ್ಮೆ, ಒಂದೇ ಒಮ್ಮೆ,
ಜೋರಾಗಿ ಕೂಗುತ್ತದೆ.
ಪುಟ್ಟಸ್ವಾಮಯ್ಯನವರಿಗೆ ಹೇಳಿಲ್ಲ.
ಮೆಟ್ಟಿಲ ಮೇಲೆ ಹೆಜ್ಜೆ ಒಂದು ಗಳಿಗೆ ನಿಂತು
ಆಮೇಲೆ ಇಳಿಯುತ್ತದೆ.