ಮೂರು ಗಂಟೆಯ ನಂತರದ ನಕ್ಷೆ

ಉಪ್ಪಳದ ರೈಲುಗೇಟಿನ ಪಕ್ಕ ಅಂದುಂಞಿಚ್ಚನ ಅಂಗಡಿ.
ಶಾರ್ಜಾದಿಂದ ಅವರು ತಂದದ್ದು ಮೂರೇ:
ಒಂದು ಕಂಬಳಿ, ಒಂದು ಬೆನ್ನುನೋವು,
ಟಿವಿಗೆ ಸಿಕ್ಕಿಸುವ ಆಟದ ಪೆಟ್ಟಿಗೆ.
ಅರ್ಧ ಗಂಟೆಗೆ ಎರಡು ರೂಪಾಯಿ.
ಗೇಟು ಬಿದ್ದಾಗ ಜನ.
ಮಂಗಳೂರು ಲೋಕಲ್ ದಾಟುವವರೆಗೆ
ಸೈಕಲ್ ಹೊರಗೆ, ಕಣ್ಣು ಒಳಗೆ.

ಆಟದ ಭಾಷೆ ನಮಗ್ಯಾರಿಗೂ ಬಾರದು.
ಕನ್ನಡವಲ್ಲ, ಮಲಯಾಳವಲ್ಲ, ಇಂಗ್ಲಿಷೂ ಅಲ್ಲ,
ಬೆಂಕಿಕಡ್ಡಿ ಚೆಲ್ಲಿದಂಥ ಅಕ್ಷರ.
ಹೆಸರೆಲ್ಲ ನಾವೇ ಇಟ್ಟೆವು.
ಮರಳುಗಾಡಿನ ಕೆಂಪು ಅರಮನೆ, ಕ್ಲಬ್ಬು.
ಎಲೆ ಹಂಚುವ ಒಕ್ಕಣ್ಣ, ಗೇಟಿನ ಐತಪ್ಪಣ್ಣ.
ಮೂರು ಪುನರ್ಪುಳಿ ಸಾಲಾಗಿ ನಿಂತರೆ ಬೀಗದಕೈ,
ಬೀಗದಕೈ ಸಿಕ್ಕರೆ ನೆಲಮಾಳಿಗೆ,
ಹಗ್ಗ ಗೆದ್ದರೆ ಬಾವಿ.
ಏಳನೆಯ ಬಾಗಿಲ ಹಿಂದೆ ಏನು?
ಖಲಂದರನ ಪ್ರಕಾರ ರಾಣಿ.
ದೂಮಣ್ಣನ ಮಗನ ಪ್ರಕಾರ ಇನ್ನೊಂದು ಟಿವಿ.

ನನ್ನಪ್ಪ ಸ್ಟೇಶನ್ ಮೆಟ್ಟಿಲಲ್ಲಿ ಲಾಟರಿ ಮಾರುತ್ತಿದ್ದರು.
ತಮಗೆಂದು ಒಂದೂ ಕೊಂಡವರಲ್ಲ.
'ಬೆಲ್ಲ ಮಾರುವವ ಬೆರಳು ನೆಕ್ಕಬಾರದು.'
ಮೂರಕ್ಕೆ ಡ್ರಾ. ಮೂರೂ ಐದಕ್ಕೆ
ಮಾರದೆ ಉಳಿದದ್ದು ಬರೀ ಬಣ್ಣದ ಕಾಗದ.
ಅದರ ಬೆನ್ನಲ್ಲಿ, ನಿಯಮಗಳ ಸಣ್ಣಕ್ಷರದ ಮೇಲೆ,
ನಾನು ಕ್ಲಬ್ಬಿನ ನಕ್ಷೆ ಬರೆಯುತ್ತಿದ್ದೆ.
ಒಂದು ಟಿಕೇಟಿಗೆ ಒಂದು ಕೋಣೆ,
ಕೋಣೆಗೆ ಕೋಣೆ ನೂಲಿನಲ್ಲಿ ಹೊಲಿದು.

ಹುಡುಗರು ಗೆಲ್ಲುತ್ತಿದ್ದರು.
ನನ್ನ ಪಾಲಿಗೆ ಗೇಟು ತೆರೆದ ಮೇಲೆ
ಅವರು ಬಿಟ್ಟೋಡಿದ ನಾಲ್ಕೈದು ನಿಮಿಷ.
ಆ ದಿನ ಎಲ್ಲ ಸೋತೆ,
ಐವತ್ತು, ಇಪ್ಪತ್ತು, ಹಗ್ಗ, ಲಾಂದ್ರ,
ಕೊನೆಗೆ ತಲೆಯ ಟೋಪಿಯೂ.
ಐತಪ್ಪಣ್ಣ ಇದ್ದೊಂದು ಕಣ್ಣು ಮಿಟುಕಿಸಿದ.
ಇಬ್ಬರು ದಡಿಯರು ನನ್ನನ್ನೆತ್ತಿ
ಹಿಂಬಾಗಿಲಿಂದ ಎಸೆದರು.

ಇಲ್ಲಿಗೆ ಬಂದರೆ ಹುಡುಗರು ಸ್ವಿಚ್ಚು ಆರಿಸಿ
ಮೊದಲಿಂದ ಶುರುಮಾಡುವರು.
ನಾನು ಆರಿಸಲಿಲ್ಲ. ಇನ್ನೂ ಒಂದೂವರೆ ನಿಮಿಷ ಇತ್ತು.

ಕಸದ ಡಬ್ಬಿ. ಒಂದು ನಾಯಿ. ಹಗ್ಗದ ಮೇಲೆ ಒಗೆದ ಅಂಗಿ.
ಹಿಂದೆ ಒಂದು ಬೀದಿಯೇ ಇತ್ತು!
ಬೀದಿ ಮುಗಿವಲ್ಲಿ ಅಜ್ಜಿಯೊಬ್ಬಳು
ಏನೂ ಕೇಳದೆ ಲೋಟ ಚಾಚಿದಳು.
ಆಚೆಗೆ ನೀರು. ಮರಳುಗಾಡಿಗೆ ತಾಗಿ ಸಮುದ್ರ.
ಮರದ ಕಟ್ಟೆ, ಕಟ್ಟೆಗೆ ಕಟ್ಟಿದ ದೋಣಿ.
ದೋಣಿಯವ ನನ್ನ ಖಾಲಿ ಕಿಸೆ ನೋಡಿ
ಎರಡೂ ಕೈಯ ಬೆರಳು ಬಿಚ್ಚಿ ತೋರಿಸಿದ:
ಹತ್ತು ಕೊಡು ಎಂದೋ
ಹತ್ತು, ಹೊರಡೋಣ ಎಂದೋ—
'ಮೋಳೇ, ಟೈಂ ಆಯಿ,' ಅಂದರು ಅಂದುಂಞಿಚ್ಚ.

ರಾತ್ರಿ ಒಂದು ಗುಲಾಬಿ ಟಿಕೇಟಿನ ಬೆನ್ನಲ್ಲಿ
ನಾಯಿ, ಲೋಟ, ದೋಣಿ ಎಲ್ಲ ಬರೆದೆ.
ಹುಡುಗರಿಗೆ ಹೇಳಲಿಲ್ಲ.
ಹೇಳಿದರೆ ಬೇಕೆಂದೇ ಸೋಲುತ್ತಾರೆ.

ಬೆಳಗ್ಗೆ ಅಪ್ಪ ಪೇಪರ್ ಹಿಡಿದು ಕೂತರು.
ಮಾರದ ನಂಬರನ್ನೂ ನೋಡುವುದು ಅವರ ಒಂದೇ ಚಟ.
'ಯಾರಿಗೆ ತಪ್ಪಿತು ಅಂತ ಗೊತ್ತಿರಲಿ.'
ನೂಲು ಬಿಚ್ಚಿ, ಒಂದೊಂದೇ ಕೋಣೆ ಮಗುಚಿ ಹಾಕಿದರು.
ಗುಲಾಬಿಗೆ ಐನೂರು ಬಂದಿತ್ತು.

ನಗಲಿಲ್ಲ. ಅಂಗಿ ಬದಲಿಸಿ
ಕಾಸರಗೋಡಿನ ಬಸ್ಸು ಹತ್ತಿದರು.
ಗುಮಾಸ್ತ ಬೆನ್ನು ತಿರುಗಿಸಿ ಕೇಳಿದನಂತೆ, ಇದೇನು?
ಅಪ್ಪನಿಗೇನು ಗೊತ್ತು,
'ಶಿರಿಯದ ಅಳಿವೆ,' ಅಂದರಂತೆ.

ನನಗೆ ಚಪ್ಪಲಿ ಬಂತು, ಅಮ್ಮನ ಕನ್ನಡಕಕ್ಕೆ ಕಾಲು.
ಆಮೇಲೆ ಕ್ಲಬ್ಬಿನಲ್ಲಿ ಎಷ್ಟು ಸೋತರೂ
ಆ ದಡಿಯರು ಬರಲಿಲ್ಲ.
ಯಾವುದೋ ಸರ್ಕಾರಿ ಕಟ್ಟಿನೊಳಗೆ
ನೇರಳೆ ಮೊಹರಿನಡಿ
ದೋಣಿಯವ ಇನ್ನೂ ಬೆರಳು ಬಿಚ್ಚಿಯೇ ನಿಂತಿರಬೇಕು.