ದಾರ್ಯಾಗ ಅದಾರ

ಬೋರ್ಡಿನ ಮ್ಯಾಲೆ ಬರದದ್ದು: ಸಂಜಿ ಐದರಿಂದ ಎಂಟು.
ಪೇಂಟರ್ ಮುದುಕಪ್ಪ ಬರದು ಹನ್ನೊಂದು ವರ್ಷ ಆತು,
ಐದರ ಅಂಕಿ ರಾಯಚೂರ ಬಿಸಿಲಿಗೆ ಅರ್ಧ ಉದುರಿ
ಈಗ ಅದು ಎಷ್ಟು ಅಂತ ಹೇಳಾಕ ಬರಂಗಿಲ್ಲ.
ನಮ್ಮ ಡಾಕ್ಟರಿಗೆ ಅದಽ ಅನುಕೂಲ.

ತೀನ್ ಕಂದೀಲ್ ದಾಟಿ ಒಳಗಿನ ಓಣಿ.
ನಾಲ್ಕಕ್ಕ ಬಾಗಲಾ ತೆಗೀತೀನಿ, ಬಗಲಾಗ ಪುಸ್ತಕ.
ಮೂರಕ್ಕಽ ಬಂದು ನಿಂತಿರ್ತಾವ,
ಮನಷಾರಲ್ಲ, ಚಪ್ಪಲಿ, ಪಾಳಿ ಹಚ್ಚಿ:
ಹವಾಯಿ ಒಂದು, ಅದರ ಹಿಂದ ಟೈರಿನ ಮೆಟ್ಟು,
ಆಮ್ಯಾಲೆ ಒಂದು ಮುರುಕ ಛತ್ರಿ,
ಎಕ್ಸ್‌ರೇ ಕವರು, ಹಾರಬಾರದಂತ ಅದರ ಮ್ಯಾಲೊಂದು ಕಲ್ಲು.
ಮಂದಿ ಎದುರಿನ ಝೆರಾಕ್ಸ್ ಅಂಗಡಿ ನೆರಳಾಗ.
ಚಪ್ಪಲಿ ನೋಡಿ ಕೇಳ್ತೀನಿ: ಇದು ಯಾರ್ರೀ?
ಗಬ್ಬೂರು ತಾಯಮ್ಮ. ಮಟಮಾರಿ ಹುಲಿಗೆಪ್ಪ.
ಅಂದ್ರೂನ್ ಕಿಲ್ಲಾದ ಖೈರುನ್ನೀಸಾ.
ಬರಕೋತ ಹೋಗ್ತೀನಿ ಮೂರರಿಂದ ಮುಂದ.
ಒಂದು, ಎರಡು ಖಾಲಿ.
ಆ ನಂಬರಿನವರು ಕಾಲಿಲೆ ಬರಂಗಿಲ್ಲ, ಫೋನಿನ್ಯಾಗ ಬರ್ತಾರ.

ಐದೂವರಿಗೆ ಮೊದಲ್ನೇ ಸಲ ಕೇಳ್ತಾರ.
'ದಾರ್ಯಾಗ ಅದಾರ.'
ಆರೂವರಿಗೆ ಇನ್ನೊಬ್ಬರು.
'ಹೊಂಟಾರ, ಹೊಂಟಾರ.'
ದಾರ್ಯಾಗ ಇದ್ದವರು ಮತ್ತ ಹೆಂಗ ಹೊಂಟರು
ಅಂತ ಯಾರೂ ಕೇಳಂಗಿಲ್ಲ.
ಏಳಕ್ಕ, 'ಗಾಡಿ ಹಚ್ಚಾಕತ್ಯಾರ ನೋಡ್ರಿ.'
ಅವರು ಇನ್ನಾ ಮನ್ಯಾಗ. ಫೋನ್ ಹಚ್ಚಿದರ
ಬಸಿಗೆ ಚಮಚ ಬಡಿಯೋ ಸಪ್ಪಳ ಕೇಳತೈತಿ ನನಗ.

ಕೆಟ್ಟವರಲ್ಲ. ಅದನ್ನೂ ಬರೀಬೇಕು.
ಮುಂಜಾನಿಂದ ದೊಡ್ಡಾಸ್ಪತ್ರ್ಯಾಗ ನಿಂತ ಕಾಲು ಅವರವು.
ಕುಂತರ ರಾತ್ರಿ ಒಂದಾದರೂ ಏಳಂಗಿಲ್ಲ,
ತಾಯಮ್ಮನ ಹತ್ರ ರೊಕ್ಕ ಇಸಗೊಂಡಿದ್ದು ನಾ ನೋಡಿಲ್ಲ.
ಆದರ ಗಬ್ಬೂರಿನ ಕಡೀ ಬಸ್ಸು ಎಂಟೂವರಿಗೆ.
ತಾಯಮ್ಮ ಎದ್ದಳು, ಕುಂತಳು, ಎದ್ದಳು.
ಪಾಳಿ ಹಿಡದಿದ್ದ ಚಪ್ಪಲ್ಯಾಗ ಕಾಲು ತೂರಿಸಿ,
'ನಾಳಿಗೆ ಬರ್ತೀನಬೇ, ನನ್ನ ಹೆಸರು ಹಂಗಽ ಇರಲಿ.'
ಹೆಸರು ಇರಂಗಿಲ್ಲ ಯವ್ವ, ದಿನಾ ಹೊಸ ಹಾಳಿ.
ಅನ್ನಲಿಲ್ಲ.
ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಮಂಡಾಳ
ನನ್ನ ಪುಸ್ತಕದ ಮ್ಯಾಲೆ ಸುರುವಿ ಹೋದಳು.

ಮೊನ್ನಿ ಅಮಾಸಿಗೆ ನನ್ನ ಮಗನ ಕಿವಿ ಸೋರಾಕ ಹತ್ತಿತು.
ಸ್ಟೇಷನ್ ರೋಡಿನ ಕಿವಿ ಡಾಕ್ಟರು. ನಂಬರು ನಲವತ್ತೊಂದು.
ಗಾಜಿನ ಹಿಂದ ಒಬ್ಬಾಕಿ, ನನ್ನ ವಾರಗಿಯಾಕಿ,
ನನ್ನಂಥದಽ ಪುಸ್ತಕ, ದಾರ ಕಟ್ಟಿದ ಪೆನ್ನು.
ಯಾವಾಗ ಬರ್ತಾರ, ಕೇಳಿದೆ.
'ದಾರ್ಯಾಗ ಅದಾರಕ್ಕ.' ತಲಿ ಎತ್ತಲಿಲ್ಲ.
ಸುಳ್ಳು. ನನಗ ಗೊತ್ತಿಲ್ಲೇನು?
ಆದರೂ ಒಂದೊಂದು ಗಾಡಿ ಸಪ್ಪಳಕ್ಕೂ
ಬಾಗಲ ಕಡೆ ಹೊಳ್ಳಿ ನೋಡಿದೆ.
ಹುಡುಗ ಕಿವಿ ಹಿಡಕೊಂಡು, 'ಯವ್ವಾ, ಇನ್ನಾ ಎಷ್ಟೊತ್ತು?'
ನನ್ನ ಬಾಯಿಗೆ ಬೇರೆ ಮಾತಽ ಬರಲಿಲ್ಲ.

ಮರದಿನ ಐದೂವರಿಗೆ
ಕೇಳೋಕ್ಕಿಂತ ಮೊದಲ ಎದ್ದು ನಿಂತು ಹೇಳಿದೆ:
'ಒಂಬತ್ತರ ತನಕ ಬರಂಗಿಲ್ಲ ಅವರು.
ಹೋಗ್ರಿ, ಉಂಡು ಬರ್ರಿ. ನಿಮ್ಮ ಪಾಳಿ ನಾ ಕಾಯ್ತೀನಿ.'
ಫ್ಯಾನ್ ತಿರಗತಿತ್ತು.
ಒಂದು ಚಪ್ಪಲಿ ಅಲಗಲಿಲ್ಲ.
ಹುಲಿಗೆಪ್ಪ ನನ್ನ ಮಾರಿ ನೋಡಿದ,
ನಾ ಏನೋ ಕಸಗೊಂಡಂಗ.
ಕಡೀಗೆ ಖೈರುನ್ನೀಸಾ ಬುರಕಾದ ಒಳಗಿಂದ
ಮೆಲ್ಲಕ, ನನಗಽ ಸಮಾಧಾನ ಮಾಡಿದಂಗ ಅಂದಳು:
'ದಾರ್ಯಾಗ ಇರಬೇಕು, ಬೇಟಾ.
ನೀ ಕುಂದ್ರು.'